ಒಂದೇ ಮಾತ್ರೆ, ಎರಡು ನ್ಯಾಯ

1984ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಒಂದು ಪುಟ್ಟ ಬರಹ ಬಂತು. ಅದರ ಕೆಳಗೆ ಬರೆದವರ ಹೆಸರಿರಲಿಲ್ಲ. ವೈದ್ಯಕೀಯ ಪತ್ರಿಕೆಯಲ್ಲಿ ಹೆಸರಿಲ್ಲದೆ ಬರೆಯೋದು ಅಪರೂಪ. ವಿಷಯ ಇಷ್ಟೇ: ಸೋಂಕಿತ ರೋಗಿಯೊಬ್ಬರ ರಕ್ತ ಇದ್ದ ಸೂಜಿ ಒಬ್ಬ ನರ್ಸ್ ಕೈಗೆ ಚುಚ್ಚಿದೆ, ಕೆಲವು ವಾರಗಳ ನಂತರ ಆಕೆಯ ರಕ್ತದಲ್ಲೂ ಸೋಂಕಿನ ಗುರುತು ಸಿಕ್ಕಿದೆ. ಎಚ್‌ಐವಿ ಅನ್ನೋ ಹೆಸರು ಆಗಿನ್ನೂ ಹುಟ್ಟಿರಲಿಲ್ಲ, ಎಚ್‌ಟಿಎಲ್‌ವಿ-3 ಅಂತ ಕರೀತಿದ್ರು. ಆಸ್ಪತ್ರೆ ಯಾವುದು, ನರ್ಸ್ ಯಾರು ಅನ್ನೋದು ಹೊರಗೆ ಬರಬಾರದು ಅಂತ ಬರೆದವರೂ ಹೆಸರು ಮುಚ್ಚಿಟ್ಟಿರಬೇಕು. ಸೂಜಿ ಚುಚ್ಚಿ ಈ ವೈರಸ್ ಅಂಟಿದ ಪ್ರಕರಣ ವೈದ್ಯಕೀಯ ದಾಖಲೆಗೆ ಬಂದದ್ದು ಅದೇ ಮೊದಲು.

ಎಚ್‌ಐವಿ ಬಾರದ ಹಾಗೆ ತಡೆಯೋ ಮಾತ್ರೆಗಳ ಚರಿತ್ರೆಯನ್ನ ಬಹಳ ಜನ 2012ರಿಂದ ಶುರು ಮಾಡ್ತಾರೆ. ನನಗೆ ಅದು ಆ ಹೆಸರಿಲ್ಲದ ನರ್ಸ್‌ನಿಂದಲೇ ಶುರುವಾಗೋದು ಅನ್ಸುತ್ತೆ. ಯಾಕಂದ್ರೆ ರೋಗ ಬಂದ ಮೇಲೆ ಕೊಡೋ ಔಷಧಿಯನ್ನ ರೋಗ ಬರೋಕೆ ಮೊದಲೇ ಕೊಟ್ಟರೆ ಹೇಗೆ ಅನ್ನೋ ಯೋಚನೆಯನ್ನ ಮೊದಲು ಪ್ರಯೋಗಿಸಿ ನೋಡಿದ್ದು ಆಸ್ಪತ್ರೆಯ ಸಿಬ್ಬಂದಿಯ ಮೇಲೆ. ಆ ಸಿಬ್ಬಂದಿಯಲ್ಲಿ ಸೂಜಿ ಹೆಚ್ಚು ಹಿಡಿಯೋರು ನರ್ಸ್‌ಗಳು. ಅವರಲ್ಲೂ ಕೈ ಪಳಗದವರು ಯಾರು? ವಿದ್ಯಾರ್ಥಿಗಳು.

ಆ ಕಾಲದ ಭಯ ಎಂಥದ್ದು ಅಂತ ಇವತ್ತು ಅಂದಾಜು ಮಾಡೋದು ಕಷ್ಟ. ಕೋವಿಡ್ ನೋಡಿದ ನಮಗೆ ಸ್ವಲ್ಪ ಅರ್ಥ ಆಗಬಹುದು. ಊಟದ ತಟ್ಟೆಯನ್ನ ಕೋಣೆಯ ಬಾಗಿಲಲ್ಲೇ ಇಟ್ಟು ಹೋಗ್ತಿದ್ರು, ಹಾಸಿಗೆ ಬಟ್ಟೆ ಬದಲಿಸೋಕೆ ಯಾರೂ ಒಳಗೆ ಹೋಗ್ತಿರಲಿಲ್ಲ. ಅಂಥ ಹೊತ್ತಲ್ಲಿ, 1983ರ ಜುಲೈನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ 5ಬಿ ಅನ್ನೋ ವಾರ್ಡ್ ತೆರೆದರು. ಹನ್ನೆರಡು ಹಾಸಿಗೆ. ಅದನ್ನ ಕಟ್ಟಿದವರು ಕ್ಲಿಫ್ ಮಾರಿಸನ್ ಅನ್ನೋ ನರ್ಸ್. ಅಲ್ಲಿ ಕೆಲಸಕ್ಕೆ ಯಾರನ್ನೂ ಬಲವಂತವಾಗಿ ಹಾಕಲಿಲ್ಲ, ತಾವಾಗಿ ಬಂದ ನರ್ಸ್‌ಗಳನ್ನೇ ತಗೊಂಡ್ರು. ಅವರು ರೋಗಿಗಳ ಕೈ ಹಿಡಿದು, ಹಾಸಿಗೆ ಮೇಲೆ ಕೂತು ಮಾತಾಡ್ತಿದ್ರು. ಮುಟ್ಟಿದರೆ ಬರೋ ರೋಗ ಇದಲ್ಲ ಅಂತ ನಾಲ್ಕು ವರ್ಷ ಆದಮೇಲೆ ಬ್ರಿಟನ್ನಿನ ರಾಜಕುಮಾರಿ ಡಯಾನಾ ಗ್ಲೌಸ್ ಇಲ್ಲದೆ ರೋಗಿಯ ಕೈ ಕುಲುಕಿ ಜಗತ್ತಿಗೆ ತೋರಿಸಿದ್ರು. ಫೋಟೋ ಆಕೆಯದ್ದು ಉಳೀತು. 5ಬಿ ನರ್ಸ್‌ಗಳು ಅದನ್ನ ದಿನಾ ಪಾಳಿ ಪಾಳಿಯಲ್ಲಿ ಮಾಡ್ತಿದ್ರು.

ನಮ್ಮ ದೇಶದ ಕಥೆಯಲ್ಲೂ ಒಬ್ಬ ವಿದ್ಯಾರ್ಥಿನಿ ಇದ್ದಾರೆ. ನರ್ಸಿಂಗ್ ವಿದ್ಯಾರ್ಥಿನಿ ಅಲ್ಲ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದ್ತಿದ್ದ ನಿರ್ಮಲಾ. 1986. ಭಾರತದಲ್ಲಿ ಈ ರೋಗ ಇಲ್ಲವೇ ಇಲ್ಲ, ನಮ್ಮದು ಕಟ್ಟುನಿಟ್ಟಿನ ಸಂಸ್ಕೃತಿ ಅಂತ ಎಲ್ಲರೂ ಎದೆ ತಟ್ಟಿಕೊಳ್ತಿದ್ದ ಕಾಲ. ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿಗೆ ಈ ವಿಷಯ ಕೊಟ್ಟು, ಲೈಂಗಿಕ ವೃತ್ತಿಯ ಹೆಂಗಸರ ರಕ್ತ ಪರೀಕ್ಷೆ ಮಾಡೋಣ ಅಂದ್ರು. ನಿರ್ಮಲಾ ಸರ್ಕಾರಿ ಗೃಹದಲ್ಲಿ ಕೂಡಿಟ್ಟಿದ್ದ ಹೆಂಗಸರಿಂದ ರಕ್ತ ತೆಗೆದರು. ಹೇಳಿಕೊಳ್ಳೋ ಅಂಥ ಸುರಕ್ಷತೆ ಏನೂ ಇರಲಿಲ್ಲ. ಸಂಗ್ರಹಿಸಿದ ಮಾದರಿಗಳನ್ನ ಇಟ್ಟಿದ್ದು ಮನೆಯ ಫ್ರಿಜ್‌ನಲ್ಲಿ! ನಂತರ ರೈಲಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿದ್ರು. ಸುಮಾರು ನೂರು ಮಾದರಿಗಳಲ್ಲಿ ಆರು ಪಾಸಿಟಿವ್ ಬಂದವು. ದೇಶದಲ್ಲಿ ಎಚ್‌ಐವಿ ಪತ್ತೆಯಾದದ್ದು ಹೀಗೆ. ಸಾಲೊಮನ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅಷ್ಟು ಹೊತ್ತಿಗೆ ಅವರು ತೀರಿಹೋಗಿ ಸುಮಾರು ಒಂದೂವರೆ ವರ್ಷ ಆಗಿತ್ತು.

ಆ ಆರು ಹೆಂಗಸರ ಬಗ್ಗೆ ಸಾರ್ವಜನಿಕ ಚರ್ಚೆ ಹಿಡಿದ ದಾರಿ ನೋಡಿ. ರೋಗ ತಂದವರು ಅವರು ಅಂತಾಯ್ತೇ ಹೊರತು ರೋಗ ಅವರಿಗೆ ಯಾರಿಂದ ಬಂತು ಅಂತ ಕೇಳಿದವರು ಕಡಿಮೆ. ಈ ಮಾತನ್ನ ಇಲ್ಲಿ ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತೆ.

ಮಾತ್ರೆಯ ವಿಷಯಕ್ಕೆ ಬರೋಣ. ಎಝಡ್‌ಟಿ ಅನ್ನೋದು 1964ರಲ್ಲಿ ಕ್ಯಾನ್ಸರ್‌ಗಾಗಿ ಮಾಡಿದ್ದ, ಕೆಲಸಕ್ಕೆ ಬಾರದೆ ಮೂಲೆ ಸೇರಿದ್ದ ಒಂದು ರಾಸಾಯನಿಕ. 1987ರ ಮಾರ್ಚ್‌ನಲ್ಲಿ ಅದು ಏಡ್ಸ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟ ಮೊದಲ ಔಷಧಿ ಆಯ್ತು. ವರ್ಷಕ್ಕೆ 8,000ದಿಂದ 10,000 ಡಾಲರ್ ಖರ್ಚು. ಅದು ಬಂದ ಸ್ವಲ್ಪ ದಿನದಲ್ಲೇ ಕೆಲವು ಆಸ್ಪತ್ರೆಗಳು ಸೂಜಿ ಚುಚ್ಚಿಸಿಕೊಂಡ ತಮ್ಮ ಸಿಬ್ಬಂದಿಗೆ ಅದನ್ನ ಕೊಡೋಕೆ ಶುರು ಮಾಡಿದ್ವು. ಕೆಲಸ ಮಾಡುತ್ತಾ ಅಂತ ಯಾರಿಗೂ ಗೊತ್ತಿರಲಿಲ್ಲ. ಆದರೂ ಕೊಟ್ರು.

ಗೊತ್ತು ಮಾಡಿಕೊಳ್ಳೋಕೆ ಕಂಪನಿಯವರು ಒಂದು ಪ್ರಯೋಗ ಹೂಡಿದ್ರು. ಅರ್ಧ ಜನಕ್ಕೆ ಎಝಡ್‌ಟಿ, ಅರ್ಧ ಜನಕ್ಕೆ ಸುಳ್ಳು ಮಾತ್ರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎ/ಬಿ ಟೆಸ್ಟ್. ಅದು ನಡೀಲೇ ಇಲ್ಲ, ಸಾಕಷ್ಟು ಜನ ಸೇರಲಿಲ್ಲ ಅಂತ ನಿಲ್ಲಿಸಬೇಕಾಯ್ತು. ಕೈಗೆ ಸೂಜಿ ಚುಚ್ಚಿಕೊಂಡು ನಡುಗ್ತಾ ಇರೋ ನರ್ಸ್ ಹತ್ರ ಹೋಗಿ, ತಾಯಿ, ಇದು ಔಷಧಿ ಇರಬಹುದು, ಇಲ್ಲಾ ಬರೀ ಹಿಟ್ಟು ಇರಬಹುದು, ನುಂಗಿ ಅಂದ್ರೆ ಯಾರು ಒಪ್ತಾರೆ? ಒಪ್ಪಿದ್ದರೂ ಲೆಕ್ಕ ಕೂಡಿ ಬರ್ತಿರಲಿಲ್ಲ. ಸೋಂಕಿತ ರಕ್ತದ ಸೂಜಿ ಚುಚ್ಚಿದರೆ ಎಚ್‌ಐವಿ ಬರೋ ಸಾಧ್ಯತೆ ಸುಮಾರು 0.3%. ಸಾವಿರ ಜನಕ್ಕೆ ಚುಚ್ಚಿದರೆ ಮೂವರಿಗೆ. ಔಷಧಿ ಆ ಮೂರನ್ನ ಒಂದಕ್ಕೆ ಇಳಿಸಿತು ಅಂತ ಸಾಬೀತು ಮಾಡೋಕೆ ಎಷ್ಟು ಸಾವಿರ ನರ್ಸ್‌ಗಳು ಬೇಕು ಅಂತ ನೀವೇ ಯೋಚಿಸಿ. (ಹೋಲಿಕೆಗೆ ಹೇಳ್ತೀನಿ: ಲಸಿಕೆ ಹಾಕಿಸಿಕೊಳ್ಳದವರಿಗೆ ಇಂಥದ್ದೇ ಸೂಜಿಯಿಂದ ಹೆಪಟೈಟಿಸ್-ಬಿ ಬರೋ ಸಾಧ್ಯತೆ 30%ವರೆಗೂ ಹೋಗುತ್ತೆ. ಆದರೆ ಹೆಪಟೈಟಿಸ್‌ಗೆ ಹೆದರಿ ನಿದ್ದೆಗೆಟ್ಟ ನರ್ಸ್‌ನ ನಾನಂತೂ ಕಂಡಿಲ್ಲ. ಭಯ ಶೇಕಡಾವಾರು ನೋಡಿ ಬರಲ್ಲ.)

ಹಾಗಾಗಿ 1990ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ಎಝಡ್‌ಟಿ ಕೊಡಿ ಅಂತಲೂ ಹೇಳೋಕಾಗಲ್ಲ, ಬೇಡ ಅಂತಲೂ ಹೇಳೋಕಾಗಲ್ಲ ಅನ್ನೋ ನಿಲುವು ತಗೊಳ್ತು. ಗಂಟು ಬಿಚ್ಚಿದ್ದು ಐದು ವರ್ಷ ಆದಮೇಲೆ, ಅದೂ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟು ಹೋದಮೇಲೆ ನಾವು ಹಳೇ ಲಾಗ್ ತೆಗೆದು ಕೂರ್ತೀವಲ್ಲ, ಹಾಗೆ. ಸೂಜಿಯಿಂದ ಸೋಂಕು ಬಂದವರನ್ನ ಒಂದು ಕಡೆ, ಸೂಜಿ ಚುಚ್ಚಿದರೂ ಸೋಂಕು ಬಾರದವರನ್ನ ಇನ್ನೊಂದು ಕಡೆ ಇಟ್ಟು ಇಬ್ಬರ ನಡುವೆ ಏನು ವ್ಯತ್ಯಾಸ ಅಂತ ಹುಡುಕಿದ್ರು. 1995ರ ಕೊನೆಗೆ ಮೊದಲ ಫಲಿತಾಂಶ, 1997ರಲ್ಲಿ ಪೂರ್ತಿ ಲೇಖನ. ಒಂದು ಕಡೆ 33 ಜನ, ಇನ್ನೊಂದು ಕಡೆ 665. ಗಾಯ ಆಳವಾಗಿತ್ತಾ, ಸೂಜಿಯ ಮೇಲೆ ರಕ್ತ ಕಾಣ್ತಿತ್ತಾ, ರೋಗಿಯ ಕಾಯಿಲೆ ಕೊನೇ ಹಂತದಲ್ಲಿತ್ತಾ ಅನ್ನೋದೆಲ್ಲಾ ಅಪಾಯ ಹೆಚ್ಚಿಸಿತ್ತು. ಎಝಡ್‌ಟಿ ತಗೊಂಡಿದ್ದು ಅಪಾಯವನ್ನ ಸುಮಾರು 81% ಕಡಿಮೆ ಮಾಡಿತ್ತು.

ಬರೀ 33 ಜನರ ಲೆಕ್ಕದ ಮೇಲೆ ಇಡೀ ಜಗತ್ತಿನ ಆಸ್ಪತ್ರೆಗಳ ನಿಯಮ ನಿಂತಿದೆ ಅಂದ್ರೆ ಆಶ್ಚರ್ಯ ಆಗುತ್ತೆ. ಆದರೂ ನಿಂತಿದೆ. ಜೊತೆಗೆ 1994ರಲ್ಲಿ ಬಸುರಿಯರ ಮೇಲೆ ನಡೆದ ಪ್ರಯೋಗವೂ ಆಸರೆಯಾಯ್ತು. ಎಝಡ್‌ಟಿ ಕೊಟ್ಟಾಗ ತಾಯಿಯಿಂದ ಮಗುವಿಗೆ ಸೋಂಕು ದಾಟೋದು 25.5%ರಿಂದ 8.3%ಗೆ ಇಳಿದಿತ್ತು. 1996ರಲ್ಲಿ ಸಿಡಿಸಿ ಕೊಡಿ ಅಂತ ಹೇಳಿತು. ಇದಕ್ಕೇ ಇವತ್ತು ಪೆಪ್ ಅನ್ನೋದು. ನಮ್ಮಲ್ಲೂ ಈಗ ಅದೇ ಪದ್ಧತಿ: ಸಾಧ್ಯವಾದರೆ ಎರಡು ಗಂಟೆ ಒಳಗೆ, ಹೆಚ್ಚೆಂದರೆ 72 ಗಂಟೆ ಒಳಗೆ ಶುರು ಮಾಡಿ 28 ದಿನ ಮಾತ್ರೆ ನುಂಗಬೇಕು. 2017ರ ಎಚ್‌ಐವಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಸ್ಪತ್ರೆಯಂಥ ಜಾಗದಲ್ಲಿ ಕೆಲಸ ಮಾಡೋರಿಗೆ ಇದನ್ನ ಕೊಡೋದು ಸಂಸ್ಥೆಯ ಹೊಣೆ ಅಂತ ಬರೆದಿಟ್ಟಿದೆ.

ಬರೆದಿಟ್ಟಿದ್ದು ಬೇರೆ, ವಾರ್ಡಿನಲ್ಲಿ ನಡೆಯೋದು ಬೇರೆ. ನಮ್ಮ ಚಿಕ್ಕಪ್ಪನ ಮಗಳು ಬೆಂಗಳೂರಲ್ಲಿ ಬಿಎಸ್ಸಿ ನರ್ಸಿಂಗ್ ಓದ್ತಿದ್ದಾಗ, 2016ರಲ್ಲಿ ಅಂತ ನೆನಪು, ಒಂದು ದೊಡ್ಡ ಆಸ್ಪತ್ರೆಯ ಪೋಸ್ಟಿಂಗ್‌ನಲ್ಲಿ ಕೈಗೆ ಸೂಜಿ ಚುಚ್ಚಿಕೊಂಡಳು. ರಕ್ತ ತೆಗೆದ ಸೂಜಿಗೆ ವಾಪಸ್ ಕ್ಯಾಪ್ ಹಾಕೋಕೆ ಹೋಗಿ. ಹಾಗೆ ಹಾಕಬಾರದು ಅಂತ ಮೊದಲ ವರ್ಷದಲ್ಲೇ ಕಲಿಸಿರ್ತಾರೆ. ಆದರೆ ಸೂಜಿ ಹಾಕೋ ಬಿಳಿ ಡಬ್ಬ ವಾರ್ಡಿನ ಆ ಮೂಲೇಲಿ, ರೋಗಿ ಈ ಮೂಲೇಲಿ, ಇವಳ ಕೈಲಿ ಟ್ರೇ. ಏನು ಮಾಡ್ಬೇಕು? ರೋಗಿಯ ರಿಪೋರ್ಟ್ ಪಾಸಿಟಿವ್ ಇತ್ತು. ಇನ್‌ಚಾರ್ಜ್ ಸಿಸ್ಟರ್ ಮೊದಲು ಬೈದ್ರಂತೆ, ಆಮೇಲೆ ಕೈ ತೊಳ್ಕೊ ಅಂದ್ರಂತೆ. ರಾತ್ರಿ ಒಂಬತ್ತಕ್ಕೆ ನನಗೆ ಫೋನು. "ಅಣ್ಣ, ಅಪ್ಪಂಗೆ ಹೇಳ್ಬೇಡ" ಅಂತಲೇ ಮಾತು ಶುರು ಮಾಡಿದಳು. ನಾನು ಆಫೀಸಿಂದ ಹಾಗೇ ಹೋಗಿ ಕ್ಯಾಶುವಾಲ್ಟಿಗೆ ಕರ್ಕೊಂಡು ಹೋದೆ. ಅಲ್ಲಿದ್ದ ಡ್ಯೂಟಿ ಡಾಕ್ಟರ್ ಒಳ್ಳೆಯವರು, ಒಂದೂ ಪ್ರಶ್ನೆ ಜಾಸ್ತಿ ಕೇಳದೆ ಮಾತ್ರೆ ಕೊಡಿಸಿದ್ರು. 28 ದಿನ ತಲೆಸುತ್ತು, ಕೆಟ್ಟ ಕೆಟ್ಟ ಕನಸು. ಹಾಸ್ಟೆಲ್‌ನಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಮಾತ್ರೆಗಳನ್ನ ಖಾಲಿ ಬಿ-ಕಾಂಪ್ಲೆಕ್ಸ್ ಬಾಟ್ಲಿಗೆ ಹಾಕಿಟ್ಟಿದ್ದಳು. ಆ ಹಾಸ್ಟೆಲ್‌ನಲ್ಲಿ ಇದ್ದವರೆಲ್ಲಾ ನರ್ಸಿಂಗ್ ಹುಡುಗಿಯರೇ ಅನ್ನೋದನ್ನ ಮರೀಬೇಡಿ. ಮಾತ್ರೆ ನೋಡಿದರೆ ಏನು ಅಂತ ಗುರುತಿಸಬಲ್ಲವರು. ಅದಕ್ಕೇ ಹೆದರಿಕೆ.

ಪರೀಕ್ಷೆಗಳೆಲ್ಲಾ ನೆಗೆಟಿವ್ ಬಂದ್ವು. ಅವಳಿಗೀಗ ಮದುವೆ ಆಗಿದೆ, ಒಂದು ಕಾಲೇಜಲ್ಲಿ ಪಾಠ ಮಾಡ್ತಾಳೆ.

ಪೆಪ್‌ನ ತಮ್ಮ ಪ್ರೆಪ್. ಅಪಾಯ ಆದಮೇಲೆ ಕೊಡೋದು ಪೆಪ್, ಆಗೋಕೆ ಮೊದಲೇ ಕೊಡೋದು ಪ್ರೆಪ್. ಇದರ ಬೇರು ಇರೋದು ಪ್ರಾಗ್ ನಗರದಲ್ಲಿ. ಅಲ್ಲಿಯ ರಸಾಯನ ವಿಜ್ಞಾನಿ ಆಂಟೊನಿನ್ ಹೋಲಿ ಮತ್ತು ಸಂಗಡಿಗರು ಟೆನೊಫೊವಿರ್ ಅನ್ನೋ ವಸ್ತು ತಯಾರಿಸಿದ್ರು. 1995ರಲ್ಲಿ ಅದನ್ನ ಕೋತಿಗಳಿಗೆ ಕೊಟ್ಟು ನೋಡಿದಾಗ, ಕೋತಿಗಳ ಏಡ್ಸ್ ವೈರಸ್ಸನ್ನ ಚುಚ್ಚಿದರೂ ಸೋಂಕು ತಗಲಲಿಲ್ಲ. ಹಾಗಾದ್ರೆ ಮನುಷ್ಯರಿಗೆ? ಪ್ರಯೋಗ ಎಲ್ಲಿ, ಯಾರ ಮೇಲೆ? ಕಾಂಬೋಡಿಯಾದ ಲೈಂಗಿಕ ವೃತ್ತಿಯ ಹೆಂಗಸರ ಮೇಲೆ ಅಂತ ತೀರ್ಮಾನ ಆಯ್ತು. ಅಲ್ಲಿ ಆ ಹೆಂಗಸರದ್ದೇ ಸಂಘ ಇತ್ತು. ಅವರು ಸರಳವಾದ ಪ್ರಶ್ನೆ ಕೇಳಿದ್ರು: ಈ ಮಾತ್ರೆಯಿಂದ ಮುಂದೆ ನಮಗೆ ತೊಂದರೆ ಆದರೆ ನೋಡಿಕೊಳ್ಳೋರು ಯಾರು? ವಿಮೆ ಮಾಡಿಸಿ ಅಂದ್ರು. ಒಪ್ಪಂದ ಆಗಲಿಲ್ಲ. 2004ರ ಆಗಸ್ಟ್‌ನಲ್ಲಿ ಪ್ರಧಾನಿ ಹುನ್ ಸೆನ್ ಪ್ರಯೋಗವನ್ನೇ ನಿಲ್ಲಿಸಿಬಿಟ್ಟರು. ಮರುವರ್ಷ ಕ್ಯಾಮರೂನ್‌ನಲ್ಲೂ ಹೀಗೇ ಆಯ್ತು. ಕೆಲವು ವಿಜ್ಞಾನಿಗಳಿಗೆ ಇದರಿಂದ ಬೇಜಾರು. ಒಳ್ಳೇ ಔಷಧಿ ವರ್ಷಗಟ್ಟಲೆ ತಡ ಆಯ್ತು ಅನ್ನೋ ವಾದ. ತಡ ಆಗಿದ್ದು ನಿಜ ಇರಬಹುದು. ಆದರೆ ಆ ಹೆಂಗಸರು ಕೇಳಿದ್ದರಲ್ಲಿ ತಪ್ಪೇನಿತ್ತು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ. ನಮ್ಮ ಕಂಪನಿಗಳಲ್ಲಿ ಮೆಡಿಕಲ್ ಇನ್ಶೂರೆನ್ಸ್ ಇಲ್ಲ ಅಂದ್ರೆ ನಾವು ಆಫರ್ ಲೆಟರ್‌ಗೆ ಸಹಿ ಹಾಕ್ತೀವಾ?

ಆಮೇಲಿನದ್ದು ಬೇಗ ಬೇಗ ನಡೀತು. 2010ರಲ್ಲಿ ಆರು ದೇಶಗಳ 2,499 ಜನರ ಮೇಲಿನ ಐಪ್ರೆಕ್ಸ್ ಪ್ರಯೋಗದಲ್ಲಿ ಸೋಂಕು 44% ಕಡಿಮೆ ಆಗಿತ್ತು. ಕೀನ್ಯಾ ಮತ್ತು ಉಗಾಂಡಾದಲ್ಲಿ, ಗಂಡ ಹೆಂಡಿರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 4,747 ಜೋಡಿಗಳಲ್ಲಿ 75%. 2012ರ ಜುಲೈ 16ರಂದು ಅಮೆರಿಕ ಟ್ರುವಾಡಾ ಮಾತ್ರೆಯನ್ನ ಪ್ರೆಪ್‌ಗಾಗಿ ಒಪ್ಪಿತು. ಆಂಟೊನಿನ್ ಹೋಲಿ ತೀರಿಹೋಗಿದ್ದೂ ಅದೇ ದಿನ. ಕಾಕತಾಳೀಯ, ಅದಕ್ಕೆ ಬೇರೆ ಅರ್ಥ ಹಚ್ಚೋದು ಬೇಡ.

ಆದರೆ ಆಫ್ರಿಕಾದ ಹೆಂಗಸರ ಮೇಲೆ ನಡೆದ ಇನ್ನೊಂದು ಪ್ರಯೋಗ, ಫೆಮ್-ಪ್ರೆಪ್, 2011ರಲ್ಲಿ ಸೋತು ನಿಂತುಹೋಯ್ತು. ಅದೇ ಮಾತ್ರೆ, ಆದರೂ ಲಾಭ ಇಲ್ಲ. ಯಾಕೆ ಅಂತ ನೋಡಿದರೆ, ಮಾತ್ರೆ ತಪ್ಪದೆ ತಗೋತೀವಿ ಅಂದವರು ಸುಮಾರು 95%. ರಕ್ತ ಪರೀಕ್ಷೆಯಲ್ಲಿ ಔಷಧಿ ಕಂಡದ್ದು 40%ಗಿಂತ ಕಡಿಮೆ ಜನರಲ್ಲಿ. ಬಳಕೆದಾರ ಹೇಳೋದು ಒಂದು, ಲಾಗ್ ಹೇಳೋದು ಇನ್ನೊಂದು ಅನ್ನೋದು ನಮ್ಮ ಕಸುಬಿನವರಿಗೆ ಹೊಸದಲ್ಲ. ಆದರೆ ಅವರು ಸುಳ್ಳು ಯಾಕೆ ಹೇಳಿದ್ರು? ಇಂಥ ಪ್ರಯೋಗಗಳಲ್ಲಿದ್ದ ಹೆಂಗಸರನ್ನ ಆಮೇಲೆ ಕೂರಿಸಿ ಮಾತಾಡಿಸಿದಾಗ ಹೊರಬಿದ್ದ ಕಾರಣಗಳಲ್ಲಿ ಒಂದು, ಈ ಮಾತ್ರೆ ನನ್ನ ಹತ್ರ ಯಾರಾದರೂ ನೋಡಿದರೆ ನನಗೇ ರೋಗ ಇದೆ ಅಂದುಕೊಳ್ತಾರೆ ಅನ್ನೋ ಭಯ. ಬಿ-ಕಾಂಪ್ಲೆಕ್ಸ್ ಬಾಟ್ಲಿಯ ಭಯವೇ ಇದು.

ಈಗ ಅಸಲು ವಿಷಯ. ಪ್ರೆಪ್ ಬಂದಾಗ ಡಾಕ್ಟರುಗಳಿಂದ ಹಿಡಿದು ನರ್ಸಿಂಗ್ ವಿದ್ಯಾರ್ಥಿಗಳವರೆಗೆ ಎಲ್ಲರ ಬಾಯಲ್ಲಿ ಬಂದ ಒಂದು ಆಕ್ಷೇಪ ಇತ್ತು: ಇಂಥ ಮಾತ್ರೆ ಕೊಟ್ಟರೆ ಜನ ಕಾಂಡೋಮ್ ಬಿಟ್ಟು ಮನಸ್ಸಿಗೆ ಬಂದ ಹಾಗೆ ಇರ್ತಾರಲ್ಲ? ತಜ್ಞರ ಭಾಷೆಯಲ್ಲಿ ಇದಕ್ಕೆ ರಿಸ್ಕ್ ಕಾಂಪೆನ್ಸೇಷನ್ ಅಂತ ಗಂಭೀರವಾದ ಹೆಸರಿದೆ. ನಮ್ಮೂರ ಭಾಷೆಯಲ್ಲಿ ಹೇಳಿದರೆ, ಲಂಗುಲಗಾಮಿಲ್ಲದ ಹಾಗಾಗುತ್ತೆ. 1960ರಲ್ಲಿ ಗರ್ಭನಿರೋಧಕ ಮಾತ್ರೆ ಬಂದಾಗಲೂ ಇದೇ ಮಾತು. ಅಮೆರಿಕದಲ್ಲಿ ಮದುವೆ ಆಗದವರಿಗೂ ಗರ್ಭನಿರೋಧಕ ಸಿಗಬೇಕು ಅಂತ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿದ್ದು 1972ರಲ್ಲಿ.

2014ರಲ್ಲಿ ಸಾರಾ ಕಲಾಬ್ರೀಸ್ ಮತ್ತು ಸಂಗಡಿಗರು ಅಮೆರಿಕದ ವೈದ್ಯ ವಿದ್ಯಾರ್ಥಿಗಳಿಗೆ ಒಬ್ಬ ಕಾಲ್ಪನಿಕ ರೋಗಿಯ ವಿವರ ಕೊಟ್ಟು ಪ್ರೆಪ್ ಬರೀತೀರಾ ಅಂತ ಕೇಳಿದ್ರು. ರೋಗಿಯ ಮೈಬಣ್ಣ ಒಂದನ್ನೇ ಬದಲಾಯಿಸಿದ್ರು. ಕಪ್ಪು ಮನುಷ್ಯ ಅಂತ ಬರೆದಾಗ, ಇವನು ಮಾತ್ರೆ ಸಿಕ್ಕರೆ ಜಾಸ್ತಿ ಅಡ್ಡಾಡ್ತಾನೆ ಅಂತ ಅಂದುಕೊಂಡವರು ಹೆಚ್ಚು. ಹಾಗೆ ಅಂದುಕೊಂಡವರಿಗೆ ಮಾತ್ರೆ ಬರೆಯೋ ಮನಸ್ಸು ಕಡಿಮೆ. ಅಂದ್ರೆ ಅವರು ಅಳೀತಿದ್ದದ್ದು ಅಪಾಯವನ್ನಲ್ಲ, ಮನುಷ್ಯನನ್ನ. ಓದಿನ ಕೊರತೆ ಅಂತ ಇದನ್ನ ತಳ್ಳಿಹಾಕೋಕೆ ಬರಲ್ಲ. ಔಷಧಿ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ದವರೇ ಇವರು.

ದಕ್ಷಿಣ ಆಫ್ರಿಕಾದಲ್ಲಿ ಇದರ ಬಿಸಿ ನೇರವಾಗಿ ತಟ್ಟೋದು ನರ್ಸ್‌ಗಳ ಮೂಲಕ. ಅಲ್ಲಿ ಡಾಕ್ಟರುಗಳು ಕಡಿಮೆ, ಸೋಂಕಿತರು ಅಪಾರ. ಹಾಗಾಗಿ 2010ರ ಸುಮಾರಿಗೆ ಎಚ್‌ಐವಿ ಚಿಕಿತ್ಸೆ ಶುರು ಮಾಡೋ ಅಧಿಕಾರವನ್ನೇ ನರ್ಸ್‌ಗಳಿಗೆ ಕೊಟ್ಟರು. 2016ರಿಂದ ಪ್ರೆಪ್ ಬಂದಾಗ ಅದೂ ಅವರ ಕೈಗೇ ಬಂತು. ಲಕ್ಷಾಂತರ ಜೀವ ಉಳಿದದ್ದು ಈ ನರ್ಸ್‌ಗಳಿಂದ, ಅದರಲ್ಲಿ ಎರಡು ಮಾತಿಲ್ಲ. ಅದೇ ನರ್ಸ್‌ಗಳ ಬಗ್ಗೆ ಇನ್ನೊಂದು ಮುಖವೂ ಇದೆ. ಕ್ಯಾಥರೀನ್ ವುಡ್ ಮತ್ತು ರೇಚಲ್ ಜ್ಯೂಕ್ಸ್ 2006ರಲ್ಲಿ ಅಲ್ಲಿಯ ಲಿಂಪೋಪೋ ಪ್ರಾಂತ್ಯದ ಬಗ್ಗೆ ಪ್ರಕಟಿಸಿದ ಅಧ್ಯಯನದ ತಲೆಬರಹದಲ್ಲೇ ಬೈಯುವ ನರ್ಸ್‌ಗಳು ಅನ್ನೋ ಮಾತಿದೆ. ಗರ್ಭನಿರೋಧಕ ಕೇಳೋಕೆ ಬಂದ ಹುಡುಗಿಯರಿಗೆ, ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ ಬೇಕಿತ್ತು ಅಂತ ಎಲ್ಲರೆದುರು ಬೈಗುಳ. ಹುಡುಗಿಯರು ಕ್ಲಿನಿಕ್ಕಿಗೆ ಬರೋದೇ ಬಿಡ್ತಿದ್ರು. ನನಗೆ ಇದನ್ನ ಓದುವಾಗ ನಮ್ಮೂರ ಸಬ್‌ಸೆಂಟರ್ ಸಿಸ್ಟರ್ ನೆನಪಾದ್ರು. ಬೈದೇ ಲಸಿಕೆ ಹಾಕ್ತಿದ್ರು, ಬೈದೇ ಬಾಣಂತಿ ನೋಡ್ತಿದ್ರು, ನಡುರಾತ್ರಿ ಎದ್ದು ಬರೋರೂ ಅವರೇ. ಆ ಬೈಗುಳದಲ್ಲಿ ಪ್ರೀತಿ ಇತ್ತು ಅಂತ ನಾವೆಲ್ಲಾ ನಂಬಿದ್ವಿ. ಆದರೆ ಪ್ರೀತಿಯ ಬೈಗುಳ ಅಂತ ಹೇಳೋ ಹಕ್ಕು ಬೈಸಿಕೊಂಡವರಿಗೆ ಮಾತ್ರ ಇರೋದು.

ಎರಡು ವರ್ಷದ ಹಿಂದೆ ಹಬ್ಬಕ್ಕೆ ಊರಿಗೆ ಹೋದಾಗ ನನ್ನ ತಂಗಿಯ ಹತ್ರ ಪ್ರೆಪ್ ವಿಷಯ ತೆಗೆದೆ. ಕಾಲೇಜಲ್ಲಿ ಪಾಠ ಮಾಡೋ ಅದೇ ತಂಗಿ. ನಿನ್ನ ವಿದ್ಯಾರ್ಥಿಗಳು ಏನಂತಾರೆ ಅಂತ ಕೇಳಿದೆ. "ಅಂಥವರಿಗೆಲ್ಲಾ ಮೊದಲೇ ಮಾತ್ರೆ ಕೊಟ್ಟು ಕಳಿಸಿದ್ರೆ ಇನ್ನೂ ಹಾಳಾಗ್ತಾರೆ ಅಂತಾರೆ. ನನಗೂ ಹಾಗೇ ಅನ್ಸುತ್ತೆ ಅಣ್ಣ" ಅಂದಳು. ಚಕ್ಕುಲಿ ಒತ್ತೋ ಕೈ ನಿಲ್ಲಲಿಲ್ಲ. ನೀನೂ ಅದೇ ಟೆನೊಫೊವಿರ್ ನುಂಗಿದ್ದೆಯಲ್ಲ, ಆಮೇಲೆ ಸೂಜಿ ಹಿಡಿಯೋದರಲ್ಲಿ ಉಡಾಫೆ ಆದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದು ಡ್ಯೂಟಿ ಅಲ್ವಾ" ಅಂದಳು. ಅವರದ್ದೂ ಡ್ಯೂಟೀನೇ ಅಂತ ನಾನಂದೆ. ಚಿಕ್ಕಮ್ಮ ಒಳಗಿಂದ ಎಣ್ಣೆ ತಂದರು, ಮಾತು ಅಲ್ಲಿಗೇ ನಿಂತಿತು.

ಅವಳನ್ನ ದೂರೋಕೆ ಇದನ್ನ ಹೇಳಲಿಲ್ಲ. ಅವಳ ಉತ್ತರದಲ್ಲಿ ನಲವತ್ತು ವರ್ಷದ ಚರಿತ್ರೆ ಇದೆ. ಸೂಜಿ ಚುಚ್ಚಿದ ನರ್ಸ್‌ಗೆ ಮಾತ್ರೆ ಕೊಡುವಾಗ, ಮಾತ್ರೆ ಸಿಗುತ್ತೆ ಅಂತ ಇನ್ಮೇಲೆ ಸೂಜಿಯನ್ನ ಬೇಕಾಬಿಟ್ಟಿ ಬಳಸ್ತಾಳೆ ಅಂತ ಯಾರಾದರೂ ವಾದಿಸಿದ್ದನ್ನ ನಾನು ಎಲ್ಲೂ ಓದಿಲ್ಲ. ಅದರ ಬದಲು ಏನಾಯ್ತು? ಸೂಜಿಯನ್ನೇ ಬದಲಾಯಿಸಿದ್ರು. ಅಮೆರಿಕದ ಪೆನ್ಸಿಲ್ವೇನಿಯಾದ ಲಿಂಡಾ ಅರ್ನಾಲ್ಡ್ ಅನ್ನೋ ನರ್ಸ್‌ಗೆ 1992ರಲ್ಲಿ, ಆಕೆಗೆ 23 ವರ್ಷ ಇದ್ದಾಗ, ಸೂಜಿಯಿಂದ ಎಚ್‌ಐವಿ ಬಂತು. ಆಕೆ ಬಾಯಿ ಮುಚ್ಚಿ ಕೂರಲಿಲ್ಲ, ಸುರಕ್ಷಿತ ಸೂಜಿ ಕೊಡಿ ಅಂತ ಚಳವಳಿ ಹೂಡಿದಳು. ಅಂಥವರ ಒತ್ತಾಯದಿಂದ 2000ದ ನವೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಸೂಜಿ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದ್ರು. ಬಳಸಿದ ಮೇಲೆ ಮೊನೆ ತಾನಾಗೇ ಒಳಗೆ ಹೋಗೋ, ಮುಚ್ಚಿಕೊಳ್ಳೋ ಸೂಜಿಗಳು ಅಲ್ಲಿಯ ಆಸ್ಪತ್ರೆಗಳಿಗೆ ಬಂದದ್ದು ಹೀಗೆ. ನರ್ಸ್ ವಿಷಯದಲ್ಲಿ ಅಪಾಯ ಇದ್ದದ್ದು ಸೂಜಿಯಲ್ಲಿ. ಲೈಂಗಿಕ ವೃತ್ತಿಯ ಹೆಂಗಸಿನ ವಿಷಯದಲ್ಲಿ ಮಾತ್ರ ಅಪಾಯ ಇರೋದು ಆಕೆಯ ನಡತೆಯಲ್ಲಿ ಅಂತಾಗುತ್ತೆ. 1986ರ ಆ ಆರು ಹೆಂಗಸರ ಮಾತು ಹೇಳಿದ್ದು ಇದಕ್ಕೇ.

ಆಕ್ಷೇಪ ಪೂರ್ತಿ ಪೊಳ್ಳು ಅಂತ ಹೇಳೋದೂ ಪ್ರಾಮಾಣಿಕತೆ ಅಲ್ಲ. ಪೆಪ್ 28 ದಿನದ ಮಾತು, ಪ್ರೆಪ್ ತಿಂಗಳುಗಟ್ಟಲೆ, ವರ್ಷಗಟ್ಟಲೆ. ಆರೋಗ್ಯವಾಗಿರೋರು ನುಂಗಬೇಕು, ಕಿಡ್ನಿ ಮೇಲೆ ಕಣ್ಣಿಡಬೇಕು. ಗೊತ್ತಿಲ್ಲದೆ ಸೋಂಕಿದ್ದವರು ಇದನ್ನಷ್ಟೇ ತಗೊಂಡರೆ ವೈರಸ್ ಔಷಧಿಗೆ ಬಗ್ಗದ ಹಾಗೆ ಆಗಬಹುದು. ಕೆಲವು ಕಡೆ ಪ್ರೆಪ್ ಬಂದಮೇಲೆ ಕಾಂಡೋಮ್ ಬಳಕೆ ಕಡಿಮೆ ಆಗಿದ್ದೂ ಉಂಟು, ಸಿಫಿಲಿಸ್‌ನಂಥ ಬೇರೆ ರೋಗಗಳಿಗೆ ಅದು ಒಳ್ಳೆ ಸುದ್ದಿ ಅಲ್ಲ. ಆದರೆ ಎಚ್‌ಐವಿ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2016ರಲ್ಲಿ ಸಲಿಂಗಿ ಗಂಡಸರಿಗೆ ಒಟ್ಟೊಟ್ಟಿಗೆ ಸಾವಿರಾರು ಜನಕ್ಕೆ ಪ್ರೆಪ್ ಕೊಟ್ಟಾಗ, ಒಂದೇ ವರ್ಷದಲ್ಲಿ ಆ ಗುಂಪಿನ ಹೊಸ ಪ್ರಕರಣಗಳು ಸುಮಾರು 25% ಇಳಿದ್ವು. ಲಂಗುಲಗಾಮಿನ ಲೆಕ್ಕ ಹಾಕೋರು ಈ ಲೆಕ್ಕವನ್ನೂ ಹಾಕಬೇಕು.

ಇನ್ನು ನಮ್ಮ ಮೈಸೂರು. ಈ ಶತಮಾನದ ಶುರುವಲ್ಲಿ ದೇಶದಲ್ಲಿ ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಮರೆತೇ ಹೋಗಿದೆ. ಆಗ ಹುಟ್ಟಿದ್ದು ಮೈಸೂರಿನ ಅಶೋದಯ ಸಮಿತಿ, ಲೈಂಗಿಕ ವೃತ್ತಿಯವರೇ ಕಟ್ಟಿಕೊಂಡ ಸಂಘ. ಭಾರತದಲ್ಲಿ ಇಂಥ ಹೆಂಗಸರಿಗೆ ಪ್ರೆಪ್ ಕೊಟ್ಟು ನೋಡೋ ಮೊದಲ ದೊಡ್ಡ ಯೋಜನೆ ನಡೆದದ್ದು ಎರಡೇ ಕಡೆ: ಕೋಲ್ಕತ್ತದ ದರ್ಬಾರ್ ಸಂಘದಲ್ಲಿ ಮತ್ತು ಇಲ್ಲಿ. ಮೈಸೂರಲ್ಲಿ ಆರುನೂರಕ್ಕೂ ಹೆಚ್ಚು ಹೆಂಗಸರು ಸೇರಿದ್ರು. ಮಾತ್ರೆ ಬಗ್ಗೆ ತಿಳಿ ಹೇಳೋದು, ತಗೊಂಡ್ರಾ ಅಂತ ವಿಚಾರಿಸೋದು ಎಲ್ಲಾ ಅವರದ್ದೇ ಸಂಘದವರು. ಬಿಳಿ ಕೋಟು, ಬೈಗುಳ ನಡುವೆ ಇರಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲದ ಯೋಜನೆಯಲ್ಲಿ ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಅರಮನೆ, ದಸರಾ, ಮೈಸೂರು ಪಾಕ್ ಬಗ್ಗೆ ಹೆಮ್ಮೆ ಪಡೋ ನಾವು ಇದನ್ನೂ ಆ ಪಟ್ಟಿಗೆ ಸೇರಿಸಬಹುದು.

ನರ್ಸಿಂಗ್ ವಿದ್ಯಾರ್ಥಿಗಳ ಮನಸ್ಸು ಬದಲಾಗೋದೇ ಇಲ್ಲ ಅಂತಲೂ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಮತ್ತು ಅಮೆರಿಕದವರು ಸೇರಿ ನಡೆಸಿದ, 2014ರಲ್ಲಿ ಪ್ರಕಟವಾದ ಒಂದು ಪ್ರಯತ್ನ ನನಗೆ ಇಷ್ಟ ಆಯ್ತು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಚ್‌ಐವಿ ಬಗ್ಗೆ ಚಿಕ್ಕದೊಂದು ತರಬೇತಿ. ಪಾಠ ಮಾಡೋರಲ್ಲಿ ಒಬ್ಬರು ಸ್ವತಃ ಎಚ್‌ಐವಿ ಜೊತೆ ಬದುಕ್ತಿರೋರು. ವಾರ್ಡಿನ ಹಾಸಿಗೆ ಮೇಲೆ ಮಲಗಿದ್ದವರನ್ನಷ್ಟೇ ನೋಡಿದ್ದ ಹುಡುಗಿಯರಿಗೆ ಎದುರು ನಿಂತು ಪಾಠ ಹೇಳೋ ಮನುಷ್ಯ ಕಂಡದ್ದು. ತರಬೇತಿ ಆದಮೇಲೆ ಕಳಂಕದ ಭಾವನೆಗಳು ಕಡಿಮೆ ಆಗಿದ್ವು. ಪುಸ್ತಕದಲ್ಲಿ ಎಷ್ಟು ಅಧ್ಯಾಯ ಸೇರಿಸಿದ್ದರೂ ಇಷ್ಟು ಆಗ್ತಿತ್ತೋ ಇಲ್ಲವೋ.

ಈ ಕಥೆ ಈಗ ಮತ್ತೆ ಸೂಜಿಗೇ ಬಂದು ನಿಂತಿದೆ. 2024ರಲ್ಲಿ ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ ಪ್ರಯೋಗವೊಂದರಲ್ಲಿ ಲೆನಾಕಾಪವಿರ್ ಅನ್ನೋ ಔಷಧಿ ತಗೊಂಡ 2,134 ಹುಡುಗಿಯರು, ಹೆಂಗಸರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. ಮಾತ್ರೆ ಬಚ್ಚಿಡೋ ತಾಪತ್ರಯ ಇಲ್ಲ, ವರ್ಷಕ್ಕೆ ಎರಡೇ ಸಲ ಹೊಟ್ಟೆಯ ಚರ್ಮದ ಕೆಳಗೆ ಚುಚ್ಚುಮದ್ದು. 2025ರ ಜೂನ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆಗ ಅಲ್ಲಿಯ ಬೆಲೆ ವರ್ಷಕ್ಕೆ 28,218 ಡಾಲರ್ ಇತ್ತು. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ಇದನ್ನೇ 2027ರಿಂದ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವ ಒಪ್ಪಂದ ಆಗಿದೆ. ಈಗ ಎರಡನೇ ವರ್ಷದ ನರ್ಸಿಂಗ್ ಓದ್ತಿರೋ ಹುಡುಗಿಯರು ಆ ಹೊತ್ತಿಗೆ ಕೋರ್ಸ್ ಮುಗಿಸೋ ಹಂತದಲ್ಲಿರ್ತಾರೆ. ಆ ಸಿರಿಂಜ್ ಹಿಡಿಯೋರು ಅವರೇ.